ಹನ್ನೆರಡನೇ ಕಾಲಂ

‘ಹುಡುಗ ಒಳ್ಳೆಯವನಾ?’ ಎಂದು ಕೇಳಬಾರದು.
ಕೇಳಿದರೆ ಚನ್ನರಾಯಪಟ್ಟಣದ ಈ ಬೀದಿ ಪೂರ್ತಿ
ಒಳ್ಳೆಯವರೇ ಸಾರ್, ಕಾಫಿ ಕುಡೀತೀರಾ ಸಾರ್.
ಅದಕ್ಕೇ ಮೊದಲು ಕೊಬ್ಬರಿ ರೇಟು ಕೇಳುತ್ತೇನೆ,
ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ,
ಜಗಳವಾದರೆ ಬಿಡಿಸಲು ಬರುವವರು ಯಾರು.
ಜಗಳದ ಬಾಲ ಹಿಡಿದು ಹೆಸರುಗಳು ತಾವಾಗಿ ಬರುತ್ತವೆ.

ತೀರ್ಥೇಶ ಬಿನ್ ಲೇಟ್ ಜವರಶೆಟ್ಟಿ, ಇಪ್ಪತ್ತಾರು,
ಹಾಸನದ ಖಜಾನೆಗೆ ಆಯ್ಕೆಯಾದವನು.
ವಾಚ್ ರಿಪೇರಿಯ ಮೆಹಬೂಬ್ ಸಾಬರು
ಕಣ್ಣಿನ ಗಾಜು ತೆಗೆಯದೆ ಹೇಳಿದರು:
‘ಅವನ ಅಪ್ಪನ ವಾಚು ಇನ್ನೂ ಇಲ್ಲೇ ಇದೆ.
ತಿಂಗಳಿಗೊಮ್ಮೆ ಬಂದು ಆಯ್ತಾ ಅಂತಾನೆ,
ಆಯ್ತು ಅಂತೀನಿ. ಒಯ್ಯೋದಿಲ್ಲ.’
ಇದನ್ನು ಬರೆಯಲು ನಮೂನೆಯಲ್ಲಿ ಜಾಗವಿಲ್ಲ.

ಮಹಡಿ ಮನೆಯ ಗಂಗಾಂಬಿಕೆ ಮಾತ್ರ
‘ನಮಗ್ಯಾಕೆ’ ಎಂದು ಬಾಗಿಲು ಅರ್ಧ ಹಾಕಿದರು.
ಅರ್ಧ ಬಾಗಿಲು ನೂರು ಮಾತಾಡುತ್ತದೆ,
ಆದರೆ ಪುರಾವೆಯಲ್ಲ.
ಇದನ್ನು ಕಲಿಯಲು ನನಗೆ ಹನ್ನೊಂದು ವರ್ಷ ಬೇಕಾಯಿತು,
ಒಬ್ಬ ಹುಡುಗಿಯ ಕೆಲಸವೂ ಬೇಕಾಯಿತು.
ಅವಳ ಹೆಸರು ಇಲ್ಲಿ ಬೇಡ.

ಅವನ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಒರೆಸಿಟ್ಟಿದ್ದರು.
ಹೊಸ ಅಂಗಿ, ಮಡಿಕೆಯ ಗೆರೆ ಎದೆಯ ಮೇಲೆ.
ಎಲ್ಲಕ್ಕೂ ಉತ್ತರ ಬಾಯಿಪಾಠ.
ಹನ್ನೆರಡನೇ ಕಾಲಂ: ಯಾವುದಾದರೂ ಪ್ರಕರಣ?
‘ಇಲ್ಲ.’
ನಾನು ಸುಮ್ಮನಾದೆ.
ಬೈಯುವುದು ಸುಲಭ;
ಸುಮ್ಮನಿರಲು ನಾಲಿಗೆಯನ್ನು
ಹಲ್ಲಿನ ಹಿಂದೆ ಕಟ್ಟಿಹಾಕಬೇಕು.
ಫ್ಯಾನು ತಿರುಗಿತು. ಕಾಫಿಗೆ ಕೆನೆ ಕಟ್ಟಿತು.
ಒಳಗೆ ಅವನ ಅಕ್ಕ ಕೆಮ್ಮಿದಳು. ಅದು ಕೆಮ್ಮಲ್ಲ.

ಸರಿ ಎಂದು ಪುಸ್ತಕ ಮುಚ್ಚಿ ಎದ್ದೆ.
ಎದುರು ಕೂತಾಗ ಜನ ಕೊಡುವುದು ಉತ್ತರ,
ನಾವು ಚಪ್ಪಲಿ ಮೆಟ್ಟುವಾಗ ಆಡುವುದು ಮಾತು.
‘ಸಾರ್, ಕಾಲೇಜಲ್ಲಿ ಒಂದು ಹೊಡೆದಾಟ...
ಅಪ್ಪ ರಾತ್ರಿಯಿಡೀ ಠಾಣೆ ಮುಂದೆ ನಿಂತಿದ್ರು.
ಕೋರ್ಟಲ್ಲಿ ಕೇಸು ನಿಲ್ಲಲಿಲ್ಲ. ಅಪ್ಪ ಅದೇ ವಾರ...’

ವಾಚಿನ ಮಾತು ನಾನೆತ್ತಲಿಲ್ಲ.

ಬೆಳಗ್ಗೆಯೇ ಗೊತ್ತಿತ್ತು ನನಗೆ,
ಠಾಣೆಯ ರಿಜಿಸ್ಟರು, ಇಲಿ ಕಡಿದ ಅಂಚು, ಅದೇ ಹೆಸರು.
ತಿಳಿಯಲು ಬಂದಿರಲಿಲ್ಲ,
ಯಾರ ಬಾಯಿಂದ ಬರುತ್ತದೆಂದು ನೋಡಲು ಬಂದಿದ್ದೆ.

ಪೆನ್ನು ಅವನ ಕೈಗೇ ಕೊಟ್ಟೆ.
‘ಇಲ್ಲ’ದ ಮೇಲೆ ಗೆರೆ ಎಳೆದ.
‘ಇತ್ತು, ಖುಲಾಸೆ.’ ಪಕ್ಕದಲ್ಲಿ ಸಹಿ.
ಕೈ ನಡುಗಿ ‘ಖು’ವಿನ ಕೊಂಬು ಕೆಳಸಾಲಿಗಿಳಿಯಿತು.
‘ಕೆಲಸ ಸಿಗುತ್ತಾ ಸಾರ್?’
ನನ್ನ ಕೈಯಲ್ಲಿಲ್ಲ ಎಂದೆ.
ಅದೂ ಪೂರ್ತಿ ನಿಜವಲ್ಲ.

ಹಾಸನದ ಬಸ್ಸಿನಲ್ಲಿ ಕಂಡಕ್ಟರಮ್ಮ
‘ಎಲ್ಲಿಗೆ?’ ಎಂದಳು.
ನಾನು ತಡೆದೆ. ಅವಳೂ ಕಾದಳು,
ನನಗಿಂತ ಚೆನ್ನಾಗಿ.