ಬಲಗಡೆಯ ಫೆಂಡರು

ನಾಯಿ ಬೊಗಳಲಿಲ್ಲ; ಅದಕ್ಕೂ ವಯಸ್ಸಾಗಿದೆ.
ಕೊಟ್ಟಿಗೆಯ ಬಾಗಿಲನ್ನು ಡಾರ್ಲೀನ್ ವೊಡಿಚ್ಕ
ಮೊಣಕಾಲಿಂದ ಒತ್ತಿ ಸರಿಸಿದಳು.
ನೆಬ್ರಾಸ್ಕದ ಮಾರ್ಚಿ ಗಾಳಿ ನಮಗಿಂತ ಮೊದಲು ಒಳಹೊಕ್ಕಿತು.

ಟಾರ್ಪಾಲಿನ ಕೆಳಗೆ, ಮೆಕ್ಕೆಜೋಳದ ಧೂಳಿನ ಕೆಳಗೆ
ಅರವತ್ತೊಂಬತ್ತರ ಪ್ಲಿಮತ್ ರೋಡ್ ರನ್ನರ್.
ನಾಲ್ಕು ಟೈರೂ ನೆಲಕ್ಕೆ ಕೂತಿವೆ.
ಹಸಿರು, ಈಗ ಯಾರೂ ಬಳಿಯದ ಹಸಿರು,
ಉಪ್ಪಿನಲ್ಲಿ ವರ್ಷ ಕಳೆದ ಮಿಡಿಮಾವಿನ ಹಸಿರು.

ಕೊಳ್ಳುವವನು ಬ್ರೆಂಟ್ ಹಾಲ್ವರ್ಸನ್, ಸೂ ಫಾಲ್ಸಿನವನು,
ಎರಡು ಸಲ ಟೋಪಿ ಹಾಕಿಸಿಕೊಂಡವನು. ಅದಕ್ಕೇ
ಗಂಟೆಗಿಷ್ಟು ಎಂದು ನನ್ನನ್ನು ಕರೆತಂದಿದ್ದಾನೆ.
ನನ್ನ ಕಸುಬು ಎತ್ತಿನ ಹಲ್ಲೆಣಿಸುವವನದು:
ಬಾಯಿ ಬಿಡಿಸುವುದು, ಸುಳಿ ನೋಡುವುದು,
ಒಡೆಯ ಹೇಳಿದ ವಯಸ್ಸನ್ನು ನಂಬದಿರುವುದು.

ಮೊದಲು ಗಾಜಿನಡಿಯ ತಗಡಿನ ನಂಬರು.
ಆಮೇಲೆ ರೇಡಿಯೇಟರಿನ ಚೌಕಟ್ಟು.
ಆಮೇಲೆ ಅಂಗಾತ ಮಲಗಿ, ಟಾರ್ಚನ್ನು ಬಾಯಲ್ಲಿ ಕಚ್ಚಿ,
ಎಣ್ಣೆಜಿಡ್ಡನ್ನು ಉಗುರಿಂದ ಕೆರೆದರೆ
ಎಂಜಿನ್ನಿನ ಹೊಟ್ಟೆಯಂಚಲ್ಲಿ ಅವೇ ಅಂಕೆಗಳು:
ಎರಡರ ಬಾಲ ಸೊಟ್ಟ, ಏಳು ತುಸು ಆಳ.
ಸುಳ್ಳು ನಂಬರು ಪ್ರಾರ್ಥನೆಗೆ ನಿಂತ ಶಾಲೆಮಕ್ಕಳ ಹಾಗೆ
ಸಾಲು ತಪ್ಪುವುದಿಲ್ಲ. ನಿಜದ್ದಕ್ಕೆ ಅವಸರ:
ಪಾಳಿ ಮುಗಿಯಲು ಹತ್ತೇ ನಿಮಿಷ,
ಯಾರದೋ ದಣಿದ ಕೈಯ ಸುತ್ತಿಗೆ.

ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ
ಕಾರ್ಖಾನೆಯ ಹಾಳೆ. ಅರ್ಧವನ್ನು ಇಲಿ ಓದಿ ಮುಗಿಸಿತ್ತು.
ಉಳಿದರ್ಧದಲ್ಲಿ ಎಂಜಿನ್ನು, ನಾಲ್ಕು ಗೇರು, ಆ ಹಸಿರಿನ ಸಂಕೇತ.
ಬ್ರೆಂಟ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಯಾರ ಕೈಯೂ ತಾಗಿಲ್ಲ," ಎಂದಳು ಡಾರ್ಲೀನ್.
"ಮೈಲೊ ಒಂದು ತಿರುಪನ್ನೂ ಬದಲಿಸಲಿಲ್ಲ.
ತೊಳೆಯಲು ಸಹ ನನ್ನನ್ನು ಬಿಡುತ್ತಿರಲಿಲ್ಲ."

ಬಣ್ಣದ ದಪ್ಪ ಅಳೆಯುವ ಯಂತ್ರ ಅಂಗೈಯಷ್ಟು.
ಬಾನೆಟ್ಟು ನೂರಹತ್ತು. ಎಡ ಬಾಗಿಲು ನೂರಹದಿನೈದು.
ನೆತ್ತಿ ನೂರೆಂಟು.
ಬಲಗಡೆಯ ಫೆಂಡರು ಮುನ್ನೂರ ನಲವತ್ತು.
ಒರೆಸಿ ಮತ್ತೆ ಒತ್ತಿದೆ.
ಮುನ್ನೂರ ನಲವತ್ತು.

ನಾನೇನೂ ಹೇಳಲಿಲ್ಲ; ಯಂತ್ರ ಕೀಂಕ್ ಎಂದಿತು, ಅಷ್ಟೆ.
ಅವಳು ಸ್ವೆಟರಿನ ಗುಂಡಿ ಹಾಕಿಕೊಂಡಳು, ಒಂದು ತಪ್ಪಿ.
"ಎಪ್ಪತ್ತನಾಲ್ಕು," ಎಂದಳು, ಕಾರಿಗೆ ಹೇಳುವಂತೆ.
"ಅವನು ಮಿನ್ನೆಸೋಟದ ಕೆರೆಗೆ ಮೀನಿಗೆ ಹೋಗಿದ್ದ. ಐದು ದಿನ.
ಕೀಲಿ ಹಿಟ್ಟಿನ ಡಬ್ಬಿಯಲ್ಲಿರುತ್ತಿತ್ತು.
ರೈಲುಹಳಿಯ ಪಕ್ಕದ ರಸ್ತೆಯಲ್ಲಿ ತೊಂಬತ್ತೆಂಟು ಮೈಲಿ ಮುಟ್ಟಿಸಿದೆ,
ಒಂದು ಕೂದಲೂ ಕೊಂಕಲಿಲ್ಲ. ವಾಪಸು ಬಂದು,
ನಡೆದಷ್ಟೇ ನಿಧಾನಕ್ಕೆ,
ನಮ್ಮದೇ ಟಪಾಲುಪೆಟ್ಟಿಗೆಗೆ ತಗುಲಿಸಿದೆ.
ಅವನು ಬರುವುದರೊಳಗೆ ಬಣ್ಣ ಒಣಗಿತ್ತು.
ಗೊತ್ತಾಗಲೇ ಇಲ್ಲ ಅವನಿಗೆ."

ಬ್ರೆಂಟ್ ಆಗಲೇ ಮೈಲೊನ ಲಕೋಟೆ ಬಿಚ್ಚಿದ್ದ:
ಡೀಲರನ ಬಿಲ್ಲು, ಎಣ್ಣೆ ಬದಲಿಸಿದ ಪ್ರತಿ ತಾರೀಖು,
ಮತ್ತೆ ನಾಲ್ಕು ಮಡಿಕೆಯ ಒಂದು ಹಳದಿ ಚೀಟಿ.
ಫ್ರೀಮಾಂಟಿನ ಬಾಡಿ ಶಾಪು. ಬಲ ಫೆಂಡರು, ತಟ್ಟಿ ಬಣ್ಣ, ನಗದು.
ಗಿರಾಕಿ: ಮಿಸೆಸ್ ವೊಡಿಚ್ಕ.
ಅಂಚಿನಲ್ಲಿ, ತಾರೀಖು ಬರೆದ ಅದೇ ಪೆನ್ಸಿಲು, ಅದೇ ಕೈ:
ಒಳ್ಳೆ ಕೆಲಸ. ಬಣ್ಣ ಹೊಂದಿದೆ.

"ನನ್ನ ಚೀಟಿಯನ್ನು ಒಲೆಗೆ ಹಾಕಿದ್ದೆನಲ್ಲ," ಎಂದಳು.
ಇದು ಕಾರ್ಬನ್ ಪ್ರತಿ, ನೀಲಿ ಅಕ್ಷರ.
ಅವನು ಅಲ್ಲಿಯವರೆಗೆ ಹೋಗಿ ಕೇಳಿ ತಂದಿರಬೇಕು.
ತೋಳುದ್ದ ಹಿಡಿದು ಓದಿದಳು. ಮತ್ತೆ ಓದಿದಳು.

ಫೆಂಡರಿಗೆಂದು ಬ್ರೆಂಟ್ ನಾಲ್ಕು ಸಾವಿರ ಇಳಿಸಿದ.
ಅವಳು ಚೌಕಾಸಿ ಮಾಡಲಿಲ್ಲ.
ಆದರೆ ಚೀಟಿ? ದಾಖಲೆ ಪೂರ್ತಿ ಇದ್ದರೇ ಬೆಲೆ, ಎಂದ;
ಅದು ನಿಜ, ನಾನೇ ಕಲಿಸಿದ ಮಾತು.
"ಇದು ಕಾರಿನದಲ್ಲ," ಎಂದು
ಸ್ವೆಟರಿನ ಜೇಬಿಗೆ ಸೇರಿಸಿದಳು.
ನನ್ನ ವರದಿಯಲ್ಲಿ ಬರೆದೆ:
ಬಲ ಫೆಂಡರು ಮರುಬಣ್ಣ, ೧೯೭೪. ದಾಖಲೆ ಕಣ್ಣಾರೆ ಕಂಡಿದ್ದೇನೆ.

ಸಂಜೆ ಟ್ರೇಲರು ಅಂಗಳ ದಾಟುವಾಗ
ಅವಳು ಟಪಾಲುಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತು
ಎರಡೂ ಕೈ ಬೀಸುತ್ತಿದ್ದಳು:
ಎಡಕ್ಕೆ, ಇನ್ನೂ ಎಡಕ್ಕೆ.