ಒಂದು ಚಿತ್ರ ಕಡಿಮೆ

ಏಳು ಜನ ನನ್ನ ಜೀಪಿನಲ್ಲಿ. ಏಳಕ್ಕೂ ಜಾಗ ಗೊತ್ತುಂಟು.
ಕಾಟುಕುಕ್ಕೆಯ ತಿಮ್ಮಣ್ಣ ಕಿಟಕಿಗೆ,
ಶೇಣಿಯ ಸಿಸಿಲ್ಯಾ ಅವನ ಬದಿಗೆ,
ಅವಳ ಹೆಗಲಿಗೆ ಉಮೈಬಾಳ ತಲೆ.
ಅದಲುಬದಲಾದರೆ ಗಾಡಿ ಮುಂದೆ ಹೋಗಲಿಕ್ಕಿಲ್ಲ,
ಎಂಜಿನ್ ಅಲ್ಲ, ಜನ ಬಿಡುವುದಿಲ್ಲ.

ನಳಿನಾಕ್ಷಿ ಮಾತ್ರ ನನ್ನ ಹಿಂದೆ,
ಕನ್ನಡಿಯಲ್ಲಿ ನನ್ನ ಕಣ್ಣಿಗೆ ಕಣ್ಣು.
ವಯಸ್ಸು ಇಪ್ಪತ್ತಾರು. ಮಾತು ದಿನಕ್ಕೆ ಹತ್ತೋ ಹನ್ನೆರಡೋ;
ಅದರಲ್ಲಿ ಎರಡು ನನಗೆ: "ಮೊಯ್ದು, ಮೆಲ್ಲ."

ಪಂಚಾಯತಿನ ಹಗಲು ಕೇಂದ್ರ ಮೊದಲು ರೇಷನ್ ಗೋಡೌನು.
ಸೀಮೆಎಣ್ಣೆಯ ವಾಸನೆ ಇನ್ನೂ ಗೋಡೆ ಬಿಟ್ಟಿಲ್ಲ.
ಅಲ್ಲಿ ಲಕೋಟೆ ಅಂಟಿಸುತ್ತಾರೆ,
ಬಟನು ಹಾಕಿ, ತೆಗೆದು, ಮತ್ತೆ ಹಾಕುತ್ತಾರೆ,
ಜಗಳ, ಗಂಜಿ, ಚಾಪೆಯಲ್ಲಿ ನಿದ್ದೆ.
ತಾಯಂದಿರಿಗೆ ಸಿಗುವುದು ಆರು ಗಂಟೆ
ಬೀಡಿ ಕಟ್ಟಲಿಕ್ಕೆ, ಇಲ್ಲವೇ ಸುಮ್ಮನೆ
ಯಾರ ಕೈಯನ್ನೂ ಹಿಡಿಯದೆ ಕೂತುಕೊಳ್ಳಲಿಕ್ಕೆ.

ಕ್ಯಾಂಪಿನ ದಿನ ಕಾಸರಗೋಡು.
ಟೋಕನ್ ನೂರ ನಾಲ್ಕು. ಫ್ಯಾನು ಒಂದು.
ಫಾರ್ಮು ಮಲಯಾಳದ್ದು; ತುಂಬಿಸಿದ್ದು ನಾನು,
ಬಸ್ಸಿನ ಬೋರ್ಡು ನೋಡಿ ಕಲಿತ ಅಕ್ಷರದಲ್ಲಿ.
ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಜೀಪಿನಲ್ಲಿ ತುಳು,
ನನ್ನ ನಾಲಗೆಗೆ ಪರ್ಮಿಟ್ಟು ಬೇಡ.

ಡಾಕ್ಟರು ಒಳ್ಳೆಯವರೇ. ನಿದ್ದೆಗೆಟ್ಟಿದ್ದರು.
ಒಂದು ಚಿತ್ರ ಎತ್ತಿ ಹಿಡಿದು "ಇದೆಂದಾಣ್?" ಎಂದರು.
ಬಿಳಿ ದನ, ಕಾಲ ಬುಡದಲ್ಲಿ ಹುಲ್ಲು.
ನಳಿನಾಕ್ಷಿ ನೋಡಿದಳು. ತುಂಬ ಹೊತ್ತು ನೋಡಿದಳು.
"ಪೆತ್ತ" ಎಂದಳು, ಕೇಳಿಯೂ ಕೇಳದ ಹಾಗೆ.

ಅವರ ಕಿವಿಗೆ ಅದು ಹೆತ್ತದ್ದು ಎಂದು ಬಿತ್ತೋ ಏನೋ,
ಯಾರು ಹೆತ್ತದ್ದು, ಯಾರನ್ನು?
ಪೆನ್ನು ಬರೆಯಿತು: ಸಂಬಂಧವಿಲ್ಲದ ಉತ್ತರ.

ಎದ್ದು ನಿಂತೆ.
"ಸಾರ್, ತುಳುವಿನಲ್ಲಿ ಅದು ದನವೇ. ಅವಳು ಸರಿ ಹೇಳಿದ್ದು."
"ನೀನು ಯಾರು?"
"ಡ್ರೈವರು."
ಅಷ್ಟರಲ್ಲಿ ಹಿಂದಿನಿಂದ ನನ್ನ ಅಂಗಿ ಜಗ್ಗಿದ್ದು ಕಮಲಕ್ಕ,
ಹೆತ್ತವಳೇ.
"ಸುಮ್ಮನಿರು ಮಾರಾಯ. ಮಾತು ಬರ್ತದೆ ಅಂತಾದರೆ
ಪರ್ಸೆಂಟು ಇಳೀತದೆ. ಪೆನ್ಶನ್ ನೀನು ಕೊಡ್ತೀಯಾ?"

ನಾಲ್ಕು ಭಾಷೆಯ ಬಾಯಿ ಮುಚ್ಚಿ ಕೂತೆ.
ಸರಿಯುತ್ತರಕ್ಕೆ ದಂಡ ಬೀಳುವ ಪರೀಕ್ಷೆ
ಬೇರೆ ಎಲ್ಲಿಯಾದರೂ ಉಂಟೋ ನನಗೆ ಗೊತ್ತಿಲ್ಲ.
ಕಮಲಕ್ಕ ಹೇಳಿದ್ದು ಸುಳ್ಳಲ್ಲ. ನಾನು ಹೇಳಿದ್ದೂ ಅಲ್ಲ.
ನಮ್ಮಿಬ್ಬರ ನಡುವೆ ಕೂತವಳನ್ನು
ನಿನಗೆ ಎಂತ ಬೇಕು ಎಂದು
ಡಾಕ್ಟರೂ ಕೇಳಲಿಲ್ಲ, ಅಮ್ಮನೂ,
ನಾನು ಕೇಳಿದೆನೇ?

ಮರು ಶುಕ್ರವಾರ ಗೋಡೌನಿನಲ್ಲಿ ಮೀಟಿಂಗು.
ಅರ್ಜಿ ಬರೆಸಿದ್ದು ಅದೇ ಕಮಲಕ್ಕ,
ಬೀಡಿಯೆಲೆಯ ಮೊರ ಮಡಿಲಲ್ಲಿಟ್ಟುಕೊಂಡೇ:
"ಕೇಳುವುದಾದರೆ ನಮ್ಮ ಮಾತಿನಲ್ಲಿ ಕೇಳಿ.
ಉತ್ತರ ಬಂದರೆ ಅಕ್ಕಿ ಕಡಿಮೆ ಮಾಡಬೇಡಿ."
ಎರಡೇ ಸಾಲು. ಒಂಬತ್ತು ಸಹಿ, ನಾಲ್ಕು ಹೆಬ್ಬೆಟ್ಟು,
ಮತ್ತೆ ನಳಿನಾಕ್ಷಿಯದ್ದೊಂದು ಗೆರೆ,
ಕಾಗದದ ಅಂಚು ದಾಟಿ ಬೆಂಚಿನ ಮೇಲೂ ಹೋದದ್ದು.
ಅರ್ಜಿ ಮುಟ್ಟಿದ ಚೀಟಿ ಬಂದಿದೆ. ಮಲಯಾಳದಲ್ಲಿ.

ಕ್ಯಾಂಪಿನಿಂದ ಮರಳುವಾಗಲೇ ಹೇಳಬೇಕಿತ್ತು, ಮರೆತೆ:
ಬದಿಯಡ್ಕ ದಾಟಿದ ಮೇಲೆ ಕನ್ನಡಿಯಲ್ಲಿ ನೋಡುತ್ತೇನೆ,
ಅವಳ ಕೈಯಲ್ಲಿ ದನ.
ಸರಕಾರದ ಚಿತ್ರ, ಮೂಲೆಯಲ್ಲಿ ಸೀಲು ಸಮೇತ.
ಯಾವಾಗ ಎಗರಿಸಿದಳೋ!
ಹಿಂದೆ ಕೊಡಲಿಕ್ಕೆ ಹೇಳಿದರೆ ಕಿಟಕಿಯ ಹೊರಗೆ ನೋಡಿದಳು.

ಈಗ ಅದು ನನ್ನ ಗಾಜಿನ ಹಿಂದೆ,
ಇನ್ಶೂರೆನ್ಸಿನ ಕಾಗದದ ಪಕ್ಕ.
ಮೊನ್ನೆ ಚೆಕಿಂಗಿಗೆ ನಿಂತ ಪೊಲೀಸು
ಲಾಠಿಯ ತುದಿ ಗಾಜಿಗೆ ತಾಗಿಸಿ ಕೇಳಿದ: "ಇದೆಂದಾಣ್?"

ಕನ್ನಡಿ ನೋಡಿದೆ. ಕಾದೆ.
ಅವಳಿಗೆ ಆ ಹೊತ್ತು ಮಾತಾಡುವ ಮನಸ್ಸಿರಲಿಲ್ಲ.
ಒಂದು ದನವನ್ನು ಎಷ್ಟು ಸಲ ದನ ಎನ್ನುವುದು?
ನಾನೂ ಹೇಳಲಿಲ್ಲ.