ಅಪ್ಪ ಬಂದಳು

ತಂದೆಯ ಹೆಸರು? ಅಂದ ಗುಮಾಸ್ತ,
ಗಂಬೇಲಾದ ಶಿಬಿರದಲ್ಲಿ, ತಗಡಿನ ಮಾಡಿನ ಕೆಳಗೆ,
ಪೆನ್ನಿನ ತುದಿ ಖಾನೆಯ ಮೇಲಿಟ್ಟು.
ನ್ಯಾದುವೋಥ್, ಅಂದೆ.
ಅದು ತಾಯಿಯ ಹೆಸರಲ್ಲವೇ, ಅಂದ.
ನಮ್ಮಲ್ಲಿ ಹೆಣ್ಣಿನ ಹೆಸರು 'ನ್ಯಾ' ಎಂದು ಶುರುವಾಗುತ್ತದೆಂದು
ಅವನೂ ಕಲಿತಿದ್ದ, ಸಾಲು ಸಾಲು ನ್ಯೂಯರ್ ಜನರನ್ನು ಬರೆದು ಬರೆದು.
ಅವ್ವ ನ್ಯಾಚಾಂಗ್. ಅಪ್ಪ ನ್ಯಾದುವೋಥ್.
ಅಪ್ಪ ತೀರಿಕೊಂಡಳು, ಹೋದ ಮಳೆಗಾಲದಲ್ಲಿ.

ಪೆನ್ನು ಅಲ್ಲೇ ನಿಂತಿತು.

ಆರು ವರ್ಷ ಗಂಡನ ಮನೆಯಲ್ಲಿದ್ದು ಮಡಿಲು ತುಂಬದೆ
ಅಣ್ಣಂದಿರ ಹಟ್ಟಿಗೆ ವಾಪಸಾದವಳು ನನ್ನ ಅಪ್ಪ.
ಹಡೆಯದವಳು ಅಲ್ಲಿ ಗಂಡಸಿನ ಲೆಕ್ಕ.
ಅಣ್ಣನ ಮಗಳ ಮದುವೆಗೆ ಬಂದ ದನದಲ್ಲಿ
ಚಿಕ್ಕಪ್ಪನ ಪಾಲು ಅವಳದು: ಒಂದು ಹೋರಿ, ಒಂದು ಕಂದು ಹಸು.
ಇನ್ನೊಬ್ಬಳ ಮದುವೆಗೆ ಒಂದು ಕಡಸು.
ಹೀಗೆ ಹನ್ನೊಂದು ವರ್ಷ.
ಆಮೇಲೆ ಎಲ್ಲವನ್ನೂ ಹೊಡೆದುಕೊಂಡು, ಸೋಬಾತ್ ನದಿ ದಾಟಿ,
ಹೆಣ್ಣು ಕೇಳಲು ಹೋದಳು.
ನನ್ನ ಅವ್ವನನ್ನು.

ಅವ್ವ ಹೇಳುತ್ತಿದ್ದಳು: ಬೇಲಿಯ ಸಂದಿಯಿಂದ
ದನ ನೋಡಿದೆ ಮೊದಲು, ಆಮೇಲೆ ವರನ ಕೈ.
ಹೊಡೆಯುವ ಕೈಯಲ್ಲ ಅನ್ನಿಸಿತು.
ಒಂದು ಸಲ ಹೊಡೆದಳಂತೆ. ಅಂಬಲಿ ಸೀದುಹೋದ ದಿನ.

ಹುಟ್ಟಿಸಲು ಒಬ್ಬ ಬೇಕಲ್ಲ.
ದಿಂಕಾ ಸೀಮೆಯಿಂದ ಬಂದವನು ಮಲ್ವಾಲ್, ದನವಿಲ್ಲದವನು,
ಹಗಲು ನಮ್ಮ ಜೋಳದ ಕಳೆ ಕೀಳುತ್ತಿದ್ದ.
ರಾತ್ರಿಯ ಮಾತು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.
ಮೀನಿಗೆ ಈಟಿ ಎಸೆಯಲು ಕಲಿಸಿದವನು ಅವನೇ.
ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದೆ.
ಅಪ್ಪಾ ಎಂದರೆ ಓಗೊಡುತ್ತಿದ್ದವಳು ಬೇರೆ,
ಮೊಣಕೈವರೆಗೆ ಸೆಗಣಿಯ ಬೂದಿ, ಬಾಯಲ್ಲಿ ಚುಂಗಾಣಿ.

ಗಂಡಸರ ಹಣೆಯ ಆರು ಗೀರು ಅವಳಿಗಿರಲಿಲ್ಲ.
ಗೀರು ಬಿದ್ದ ಗಂಡಸು ಕೆಚ್ಚಲು ಮುಟ್ಟುವಂತಿಲ್ಲ ನಮ್ಮಲ್ಲಿ.
ಅಪ್ಪ ಮಾತ್ರ ಮಂಡಿಯೂರಿ ಕೂತು ಕರೆಯುತ್ತಿದ್ದಳು.
ನಿಮ್ಮಪ್ಪ ಹಾಲು ಕರೀತಾಳೆ! ಎಂದು
ಪಕ್ಕದ ಹಟ್ಟಿಯ ಹುಡುಗರು ಬಿದ್ದು ಬಿದ್ದು ನಕ್ಕರು.
ನಗಲಿ. ನಮ್ಮ ಸೋರೆಬುರುಡೆ ಎಲ್ಲರಿಗಿಂತ ಮೊದಲು ತುಂಬುತ್ತಿತ್ತು.

ನನ್ನ ಮದುವೆಗೆ ಇಪ್ಪತ್ತೆಂಟು ದನ.
ಚೌಕಾಸಿಗೆ ಗಂಡಸರ ನಡುವೆ ಕೂತ ಅಪ್ಪ
ಒಕ್ಕಣ್ಣಿನದು ಬೇಡ ಅಂದಳು, ಮುದಿಯದು ಬೇಡ,
ಗೊಡ್ಡು ಬೇಡವೇ ಬೇಡ ಅಂದಳು.
ಆ ಮಾತಿಗೆ ಒಂದು ಗಳಿಗೆ ಎಲ್ಲರೂ ನೆಲ ನೋಡಿದರು.
ಅವಳು ನೋಡಲಿಲ್ಲ.

ಹಂಚಿಕೆಯಾಯಿತು. ಅಪ್ಪನಿಗೆ, ದೊಡ್ಡಪ್ಪಂದಿರಿಗೆ, ಸೋದರಮಾವನಿಗೆ,
ಸತ್ತ ಹಿರಿಯರಿಗೂ ಒಂದು.
ಕೊನೆಗೆ ಹುಟ್ಟಿಸಿದವನ ಹಸು.
ಮಲ್ವಾಲ್ ಬೇಲಿಯಾಚೆ ನಿಂತಿದ್ದ.
ಬೂದು ಹಸುವಿನ ಹಗ್ಗ ಕೈಗೆ ಕೊಟ್ಟರು.
ನನ್ನ ಮುಖ ನೋಡಲಿಲ್ಲ ಅವನು, ಪಾದ ನೋಡಿದ:
ಎಡಗಾಲ ಕಿರುಬೆರಳು, ಅವನದರಂತೆಯೇ,
ಪಕ್ಕದ ಬೆರಳ ಮೇಲೆ ಹತ್ತಿ ಕೂತಿದೆ.
ಹೊರಟುಹೋದ.

ಮೂರನೆಯ ರಾತ್ರಿ ಹಸು ತಾನಾಗಿ ವಾಪಸು ಬಂತು,
ನಮ್ಮ ಗೂಟದ ಬಳಿ ನಿಂತು ಕೂಗಿತು.
ಬಂದದ್ದು ಬಂತು, ಕಟ್ಟಿ ಹಾಕು, ಅಂದ ದೊಡ್ಡಪ್ಪ.
ಅಪ್ಪ ಹಗ್ಗ ಹಿಡಿದು ಕತ್ತಲಲ್ಲೇ ಹೊರಟಳು,
ಜವುಗಿನಲ್ಲಿ ಒಂದು ಹಗಲಿನ ದಾರಿ.
ಅಲ್ಲಿ ಏನು ಮಾತಾಡಿಕೊಂಡರೋ.
ಮರುದಿನ ಸಂಜೆ ಅಪ್ಪ ಬಂದಳು, ತೊಡೆಯವರೆಗೆ ಕೆಸರು,
ಹಾಲು ಕೇಳಿದಳು, ಕುಡಿದಳು, ಬಾಯಿ ಒರೆಸಿಕೊಂಡಳು.
ಅವನಿಗೆ ಒಂದೇ ಹಸು, ಅಂದಳು.
ಮತ್ತೆ ಆ ವಿಷಯ ಎತ್ತಲಿಲ್ಲ.

ಹಿಂದೆ ಸಾಲು ಗೊಣಗುತ್ತಿತ್ತು.
ಅಜ್ಜ ಯಾವಾಗ ಬರ್ತಾಳೆ ಎಂದು
ಮಗ ನನ್ನ ಬಟ್ಟೆ ಜಗ್ಗಿದ, ಅವನಿಗಿನ್ನೂ ಹೇಳಿಲ್ಲ.
ಗುಮಾಸ್ತ ಅವನನ್ನು ನೋಡಿದ, ನನ್ನನ್ನು ನೋಡಿದ,
ಹಾಳೆ ತಿರುವಿ ಮತ್ತೆ ಅದೇ ಖಾನೆಗೆ ಬಂದ.

ಬರೀರಿ, ಅಂದೆ.
ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.